ಲಗೇಜ್

ಅಣಜಿ ದಾಟಿದರೆ ಒಂದು ಹಂಪು, ಶಾಲೆ ಮುಂದೆ ಎರಡು,
ಬಿಳಿಚೋಡಿನ ತಿರುವಿನಲ್ಲಿ ಲೆಕ್ಕಕ್ಕೆ ಬಾರದ್ದು ಮೂರು.
ಹದಿನಾಲ್ಕು ವರ್ಷ
ಈ ಜಗಳೂರು ರಸ್ತೆಯನ್ನು ನಾನು ಓದಿದ್ದು ಎದೆಯಿಂದ.
ಹಂಪು ಬರುವ ಮೊದಲೇ ಎಡಗೈ ಅಡ್ಡ ಬರುತ್ತಿತ್ತು
ವೇಬಿಲ್ಲಿನ ರಟ್ಟು ಅವುಚಿಕೊಂಡಂತೆ.
ನೋಡಿದವರಿಗೆ ಅದು ಶಿಸ್ತು.

ಚೀಲದ ಬೆಲ್ಟು ಒಂದು ಕಡೆ, ಮಷಿನ್ನಿನ ಪಟ್ಟಿ ಒಂದು ಕಡೆ,
ಖಾಕಿ ಕೋಟಿನ ಎರಡನೇ ಗುಂಡಿಗೆ ಬದಲು ಪಿನ್ನು.
ಹೆಗಲ ಮೇಲೆ ಬೆರಳು ಹೂತುಹೋಗುವಷ್ಟು ಗೀರು,
ನೊಗ ಇಳಿಸಿದ ಮೇಲೂ ಎತ್ತಿಗೆ ಉಳಿಯುತ್ತದಲ್ಲ, ಅಂಥದು.
ಮೊಣಕೈಗಳ ಮಾತು ಬೇಡ.
ಸಂತೆ ದಿನ ಬಸ್ಸಿನಲ್ಲಿ ಮೊಣಕೈಗೂ ಕಣ್ಣಿರುತ್ತದೆ.

ಕುತ್ತಿಗೆ ನೋವೆಂದು ಹೋದವಳಿಗೆ ಎಲುಬಿನ ಡಾಕ್ಟರು
ಕುತ್ತಿಗೆ ಬಿಟ್ಟು ಬೇರೆ ಚೀಟಿ ಬರೆದರು.
ವಿಮೆಯವರು ವಾಪಸ್ ಕಳಿಸಿದರು: ಸೌಂದರ್ಯ ಚಿಕಿತ್ಸೆ.
ಸೌಂದರ್ಯ!
ನಗು ಬಂತು. ಆಮೇಲೆ ಸೊಸೈಟಿ ಸಾಲಕ್ಕೆ ಸಹಿ ಹಾಕಿದೆ.
ಡಿಪೋದಲ್ಲಿ ಪಿತ್ತಕೋಶದ ಕಲ್ಲು ಅಂದೆ.
ಅತ್ತೆ ಮಾತ್ರ ತಿಳಿದು,
"ದೇವ್ರು ಕೊಟ್ಟಿದ್ದನ್ನ ಕೊಯ್ಸಿ ಒಗೀತೀಯೇನೆ?
ನನ್ ಮೊಮ್ಮಗಳು ಕುಡಿದ ಮೊಲೆ."
ಅದಕ್ಕೆ ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ.

ಆ ಬೆಳಿಗ್ಗೆ ನಿಲ್ಲಿಸಿ ನೇರಳೆ ಪೆನ್ನಿನಿಂದ ಗೆರೆ ಎಳೆದರು:
ಇಲ್ಲಿಂದ ಇಲ್ಲಿಗೆ, ಇಲ್ಲಿ ತಿರುವು,
ತೊಟ್ಟಿಗೆ ಹೊಸ ನಿಲ್ದಾಣ.
ಹುಡುಗ ಡಾಕ್ಟರು, ತಣ್ಣನೆಯ ಕೈ.
ಯಾವ ಗಂಡಸೂ ನನ್ನ ಎದೆಯನ್ನು
ಬರೀ ಕೆಲಸವೆಂದು ನೋಡಿರಲಿಲ್ಲ.

ಎಚ್ಚರಾದಾಗ ಗಂಟಲಲ್ಲಿ ಮರಳು.
ಎರಡು ಕೊಳವೆ, ಎರಡು ಬಾಟಲಿ, ಬೀಟ್ರೂಟ್ ಬೇಯಿಸಿದಂಥ ನೀರು.
ನಾದಿನಿ ಹಾಲಮ್ಮ ಹಳೇ ವೇಬಿಲ್ಲಿನ ಹಿಂದೆ ಬರೆದಿಟ್ಟಳು,
ಎಡ ಮೂವತ್ತೈದು, ಬಲ ಇಪ್ಪತ್ತು.
ನರ್ಸು ತೂಕ ಹೇಳಿದಳು:
ಎಡದ್ದು ಆರುನೂರ ನಲವತ್ತು ಗ್ರಾಂ, ಬಲದ್ದು ಏಳುನೂರ ಹತ್ತು.
ಕೂಡಿದೆ. ಅಭ್ಯಾಸ.
ಇಷ್ಟು ವರ್ಷ ಲಗೇಜ್ ಟಿಕೆಟ್ ಹರಿಯದೆ ಹೊತ್ತಿದ್ದೆ,
ಸ್ಕ್ವಾಡಿನವರು ಹತ್ತಿದ್ದರೆ ದಂಡ ಬೀಳುತ್ತಿತ್ತು.
ನಗಲು ಹೋಗಿ ಹೊಲಿಗೆ ಎಳೆಯಿತು; ಹಾಲಮ್ಮ ಬೈದಳು.

ಮಾರ್ಚಿಯ ದಾವಣಗೆರೆ,
ಕಿಟಕಿ ತೆಗೆದರೆ ಮಂಡಕ್ಕಿ ಭಟ್ಟಿಯ ಝಳ.
ಅಂಗಾತವೇ ಮಲಗು, ಮಗ್ಗುಲಾಗಬೇಡ,
ಸೀನು ಬಂದರೆ ದಿಂಬು ಅವುಚಿಕೋ,
ಕೈ ಹೆಗಲಿಗಿಂತ ಮೇಲೆ ಬೇಡ.
ಜಡೆ ಹಾಕಿದ್ದು ಸಿಂಚನ.
ಹದಿನಾಲ್ಕಾಯಿತು; ಸ್ಕೂಲು ಚೀಲವನ್ನು ಬೆನ್ನಿಗಲ್ಲ,
ಮುಂದಕ್ಕೆ ಹಾಕಿಕೊಂಡು ನಡೆಯುತ್ತಾಳೆ ಈಚೆಗೆ.
ಏನು ಹೇಳಲಿ ಅಂತ ಹುಡುಕುವಷ್ಟರಲ್ಲಿ
ಜಡೆ ಮುಗಿದಿರುತ್ತಿತ್ತು.

ಹನ್ನೊಂದನೇ ದಿನ ಪಟ್ಟಿ ಬಿಚ್ಚಿದರೆ ಕನ್ನಡಿಯಲ್ಲಿ ಯಾರದೋ ಎದೆ.
ಬಾತು, ಚೌಕವಾಗಿ, ಒಂದು ತುಸು ಮೇಲೆ,
ನೀಲಿ ಹೋಗಿ ಅರಿಶಿನಕ್ಕೆ ತಿರುಗಿದ ಚರ್ಮ.
ಬಾಗಿಲಲ್ಲಿ ಅತ್ತೆ. ನೋಡಿದಳು.
ಏನೂ ಅನ್ನದೆ ಹೋಗಿ
ತನ್ನ ಮೆತ್ತನೆಯ ಹಳೇ ಸೀರೆ ತಂದು ಹರಿದಳು, ಒರೆಸಿಕೊಳ್ಳಲಿಕ್ಕೆ.

ಎಡ ತೊಟ್ಟಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.
ಬೆರಳಿಟ್ಟರೆ ಬೇರೆಯವರ ಮನೆ ಕದ ತಟ್ಟಿದ ಹಾಗೆ.
"ಸ್ಪರ್ಶ ಬರಬಹುದು, ಬಾರದೆಯೂ ಇರಬಹುದು."
ಒಂದು ರಾತ್ರಿ ಅದಕ್ಕೇ ಅತ್ತೆ,
ಸಿಂಚನಳಿಗೆ ಹಾಲು ಬಿಡಿಸಿದ ದಿನ ಅತ್ತಿದ್ದೆನಲ್ಲ, ಹಾಗೆ.
ಬೇಕಾಗಿಯೇ ಬಿಟ್ಟದ್ದಕ್ಕೂ ಅಳು ಇರುತ್ತದೆ.

ಎರಡು ತಿಂಗಳಿಗೆ ಡ್ಯೂಟಿ.
ಎರಡನೇ ಗುಂಡಿ ತಾನೇ ಹೋಗಿ ತೂತಿನಲ್ಲಿ ಕೂತಿತು.
ಡ್ರೈವರ್ ಖುದ್ದೂಸಣ್ಣ ಕೇಳಿದ,
"ಕಲ್ಲು ಎಷ್ಟಿದ್ವು ಕೊಟ್ರಮ್ಮ?"
"ಎರಡು," ಅಂದೆ.
ಮೊಣಕೈಗಳು ಅವೇ. ಅವಕ್ಕೆ ಯಾವ ಆಪರೇಷನ್ನೂ ಆಗಿಲ್ಲ.

ಅಣಜಿ ದಾಟಿತು. ಹಂಪು.
ಎಡಗೈ ತಾನಾಗಿ ಎದ್ದು ಅಡ್ಡ ಬಂತು,
ಹಿಡಿಯಲು ಏನೂ ಸಿಗದೆ
ಅಲ್ಲೇ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತ್ತು;
ಆಮೇಲೆ ಮೇಲೆ ಹೋಗಿ
ಸರಳು ಹಿಡಿಯಿತು.